ಫ್ರೀ ವೆಬ್‌ಸೈಟು: ಸೈಟು ನಿಮ್ಮದು, ಖಾತೆ ಯಾರ ಹೆಸರಲ್ಲಿದೆ?

ಸಾಗರದಲ್ಲಿರುವ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕೂತು ಸ್ಟಿಕ್ಕರ್ ಅಂಟಿಸುತ್ತಿದ್ದರು. ಒಂದು ಕಡೆ ಹಪ್ಪಳದ ಕವರುಗಳ ರಾಶಿ, ಇನ್ನೊಂದು ಕಡೆ ಬಿಳಿ ಸ್ಟಿಕ್ಕರಿನ ಹಾಳೆಗಳು. ಪ್ರತಿ ಕವರಿನ ಕೆಳಗಡೆ ಅಚ್ಚಾಗಿದ್ದ ಒಂದು ಸಾಲನ್ನು ಮುಚ್ಚಬೇಕಿತ್ತು. ಆ ಸಾಲು ಅವರ ವೆಬ್‌ಸೈಟಿನ ವಿಳಾಸ. ಅಂಥ ಕವರು ಎರಡು ಸಾವಿರ ಇದ್ದವು.

"ಫ್ರೀ ಅಂದಿದ್ರು ತಮ್ಮಾ" ಅಂದರು.

ಆಗಿದ್ದು ಇಷ್ಟು. ಎರಡು ವರ್ಷದ ಹಿಂದೆ ಒಂದು ಕಂಪನಿಯಿಂದ ಫೋನು ಬಂತು. ಡೊಮೇನ್ ಫ್ರೀ, ಹೋಸ್ಟಿಂಗ್ ಫ್ರೀ, ಡಿಸೈನಿಗೆ ಮಾತ್ರ ₹2,500 ಅಂದರು. ಅತ್ತಿಗೆ ಕೊಟ್ಟರು. ವೆಬ್‌ಸೈಟು ಚೆನ್ನಾಗಿಯೇ ಬಂತು. ಬೆಂಗಳೂರಿನ ಗಿರಾಕಿಗಳು ನೋಡಿ ಆರ್ಡರು ಕೊಟ್ಟರು. ಆ ಖುಷಿಯಲ್ಲಿ ಹೊಸ ಕವರಿನ ಮೇಲೂ ವಿಳಾಸ ಅಚ್ಚು ಹಾಕಿಸಿದರು. ವರ್ಷ ತುಂಬುವ ಹೊತ್ತಿಗೆ ಬಿಲ್ಲು ಬಂತು: ₹8,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹9,440. ಇಷ್ಟು ಕಟ್ಟೋಕಾಗಲ್ಲ, ನನ್ನ ವಿಳಾಸ ನನಗೆ ಕೊಡಿ, ಬೇರೆ ಕಡೆ ಮಾಡಿಸ್ಕೊಳ್ತೀನಿ ಅಂದರು. "ವಿಳಾಸ ನಮ್ಮ ಕಂಪನಿ ಹೆಸರಲ್ಲಿದೆ ಮೇಡಂ" ಅನ್ನುವ ಉತ್ತರ ಬಂತು.

ಇಂಥ ಕರೆಗಳು ಹೊಸದಲ್ಲ. ಈಗ ಇವುಗಳ ಜೊತೆಗೆ ಎಐ ಕೂಡ ಸೇರಿದೆ. ಐದೇ ನಿಮಿಷದಲ್ಲಿ ವೆಬ್‌ಸೈಟು ರೆಡಿ, ಒಂದು ಪೈಸೆ ಖರ್ಚಿಲ್ಲ ಅನ್ನುವ ಜಾಹೀರಾತು ಫೋನು ತೆರೆದರೆ ಸಾಕು, ಎದುರಿಗೇ ಬರುತ್ತದೆ. ಇವೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಷರತ್ತುಗಳನ್ನು ಬರೆದೇ ಇರುತ್ತಾರೆ. ಆದರೆ ಆ ಷರತ್ತು ಅರ್ಥವಾಗಬೇಕಾದರೆ ವೆಬ್‌ಸೈಟು ಅನ್ನೋದು ಯಾವ ಯಾವ ಭಾಗ ಸೇರಿ ಆಗಿದೆ ಅಂತ ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ವಿಳಾಸ, ಜಾಗ, ಕಟ್ಟಡ

ನಮ್ಮ ಕಡೆ ಸೈಟು ಅಂದ ಕೂಡಲೇ ಥರ್ಟಿ ಫಾರ್ಟಿ ಜಾಗ ನೆನಪಾಗುತ್ತದೆ. ವೆಬ್‌ಸೈಟನ್ನೂ ಹಾಗೇ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲನೆಯದು ವಿಳಾಸ. ಇದಕ್ಕೆ ಡೊಮೇನ್ ಅನ್ನುತ್ತಾರೆ. ಡಾಟ್ ಕಾಮ್, ಡಾಟ್ ಇನ್ ಅಂತ ಕೊನೆಯಾಗುತ್ತದಲ್ಲ, ಅದು. ಡಾಟ್ ಕಾಮ್ ಹೆಸರುಗಳ ಮೂಲ ಪುಸ್ತಕ ಅಮೆರಿಕದ ವೆರಿಸೈನ್ ಕಂಪನಿಯ ಹತ್ತಿರ ಇದೆ. ಡಾಟ್ ಇನ್ ನಮ್ಮ ದೇಶದ್ದು, ಅದನ್ನು ನಿಕ್ಸಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಅಂತ ಕೊನೆಯಾಗುವ ವಿಳಾಸವೂ ಸಿಗುತ್ತದೆ. ನಾವು ನೇರವಾಗಿ ಇವರ ಹತ್ತಿರ ಹೋಗುವುದಿಲ್ಲ. ನಡುವೆ ರಿಜಿಸ್ಟ್ರಾರ್ ಅನ್ನುವ ಚಿಲ್ಲರೆ ಮಾರಾಟಗಾರರಿದ್ದಾರೆ, ಅವರಿಂದ ಪಡೆಯುತ್ತೇವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳೋಕೆ ಆಗುವುದಿಲ್ಲ. ಒಂದು ವರ್ಷಕ್ಕೋ ಎರಡು ವರ್ಷಕ್ಕೋ, ಜಾಸ್ತಿ ಅಂದರೆ ಹತ್ತು ವರ್ಷಕ್ಕೆ ನೋಂದಾಯಿಸಿಕೊಳ್ಳುತ್ತೇವೆ. ಆಮೇಲೆ ಮತ್ತೆ ದುಡ್ಡು ಕಟ್ಟಿ ಮುಂದುವರಿಸಬೇಕು. ಮನೆ ಕಂದಾಯ ಇದ್ದ ಹಾಗೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಇಲ್ಲಿ ಕಂದಾಯ ತಪ್ಪಿದರೆ ಕೆಲವೇ ವಾರಗಳಲ್ಲಿ ಜಾಗ ಕೈಬಿಟ್ಟು ಹೋಗುತ್ತದೆ.

ಎರಡನೆಯದು ಜಾಗ, ಅಂದರೆ ಹೋಸ್ಟಿಂಗ್. ನಿಮ್ಮ ಫೋಟೊ, ಬರಹ, ಬೆಲೆಪಟ್ಟಿ ಎಲ್ಲ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕೂತಿರಬೇಕು, ಆ ಕಂಪ್ಯೂಟರು ಹಗಲು ರಾತ್ರಿ ಆನ್ ಇರಬೇಕು. ಅದರ ಬಾಡಿಗೆಯೇ ಹೋಸ್ಟಿಂಗ್ ಶುಲ್ಕ.

ಮೂರನೆಯದು ಕಟ್ಟಡ. ಪುಟದ ವಿನ್ಯಾಸ, ಬಣ್ಣ, ಬಟನ್ನು, ಆರ್ಡರ್ ಫಾರಂ, ಇದೆಲ್ಲ.

ಮೂರೂ ಒಂದೇ ಕಂಪನಿಯಿಂದ ಬರಬಹುದು, ಮೂರು ಬೇರೆ ಬೇರೆ ಕಡೆಯಿಂದಲೂ ಬರಬಹುದು. ಬೇರೆ ಬೇರೆ ಇದ್ದರೆ ಒಂದನ್ನು ಬದಲಾಯಿಸುವಾಗ ಉಳಿದ ಎರಡು ಹಾಗೇ ಇರುತ್ತವೆ. ಫ್ರೀ ಆಫರಿನಲ್ಲಿ ಸಾಮಾನ್ಯವಾಗಿ ಮೂರನ್ನೂ ಒಂದೇ ಗಂಟು ಕಟ್ಟಿ ಕೊಡುತ್ತಾರೆ. ಅನುಕೂಲ ಇರುವುದೂ ಅಲ್ಲೇ, ತೊಡಕು ಇರುವುದೂ ಅಲ್ಲೇ.

ಕೊಡುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಒಂದು ಲೆಕ್ಕ ನೋಡಿ. 2024ರ ಸೆಪ್ಟೆಂಬರಿನಿಂದ ಒಂದು ಡಾಟ್ ಕಾಮ್ ಹೆಸರಿಗೆ ವೆರಿಸೈನ್ ಪಡೆಯುವ ಸಗಟು ದರ ವರ್ಷಕ್ಕೆ 10.26 ಡಾಲರ್ ಆಯಿತು. ಅಂದರೆ ನಿಮಗೆ ಡಾಟ್ ಕಾಮ್ ಫ್ರೀ ಕೊಡುವ ಕಂಪನಿ ತನ್ನ ಜೇಬಿನಿಂದ ಇಷ್ಟು ಕಟ್ಟಿಯೇ ಕೊಡುತ್ತಿದೆ. ಹೋಸ್ಟಿಂಗಿಗೂ ಕರೆಂಟು, ಯಂತ್ರ, ಜನ ಬೇಕು. ಈ ಖರ್ಚನ್ನು ಅವರು ಎಲ್ಲೋ ಒಂದು ಕಡೆ ವಾಪಸ್ ಪಡೆಯಲೇಬೇಕು, ಇಲ್ಲದಿದ್ದರೆ ಕಂಪನಿ ನಡೆಯುವುದಿಲ್ಲ.

ವಾಪಸ್ ಪಡೆಯುವ ದಾರಿಗಳಲ್ಲಿ ಒಂದು ಜಾಹೀರಾತು. ಹಳ್ಳಿಯ ಕಿರಾಣಿ ಅಂಗಡಿಯ ಬೋರ್ಡು ನೋಡಿದ್ದೀರಲ್ವಾ? ತಂಪು ಪಾನೀಯದ ಕಂಪನಿಯೋ ಸಿಮ್ ಕಂಪನಿಯೋ ಬೋರ್ಡನ್ನು ಬಿಟ್ಟಿ ಹಾಕಿಸಿಕೊಡುತ್ತದೆ. ಬೋರ್ಡಿನ ಮುಕ್ಕಾಲು ಭಾಗ ಕಂಪನಿಯ ಹೆಸರು, ಮೂಲೆಯಲ್ಲಿ ಸಣ್ಣದಾಗಿ ಮಂಜುನಾಥ ಸ್ಟೋರ್ಸ್. ನಾವೇ ವೆಬ್‌ಸೈಟು ಕಟ್ಟಿಕೊಳ್ಳೋಕೆ ಜಾಗ ಕೊಡುವ ವಿಕ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್ ಇಂಥವರ ಫ್ರೀ ಪ್ಲಾನು ಹೆಚ್ಚುಕಡಿಮೆ ಇದೇ ಬಗೆ. ನಿಮ್ಮ ಪುಟದ ಮೇಲೆ ಅವರ ಪಟ್ಟಿಯೋ ಜಾಹೀರಾತೋ ಇರುತ್ತದೆ. ವಿಳಾಸವೂ ಪೂರ್ತಿ ನಿಮ್ಮದಲ್ಲ. ನಿಮ್ಮ ಹೆಸರು ಮುಂದೆ, ಅವರ ಹೆಸರು ಹಿಂದೆ. ಇಂಥವರ ಕಾಂಪೌಂಡಿನೊಳಗಿನ ಮನೆ ಅಂತ ಕೇರಾಫ್ ವಿಳಾಸ ಕೊಟ್ಟ ಹಾಗೆ. ಸ್ವಂತ ಡೊಮೇನ್ ಜೋಡಿಸಬೇಕು, ಜಾಹೀರಾತು ತೆಗೆಸಬೇಕು ಅಂದರೆ ದುಡ್ಡಿನ ಪ್ಲಾನಿಗೆ ಹೋಗಬೇಕು. ಇದನ್ನು ಅವರು ಮುಚ್ಚಿಟ್ಟಿಲ್ಲ, ಬೆಲೆಪಟ್ಟಿಯಲ್ಲೇ ಹಾಕಿದ್ದಾರೆ. ಓದಿದವರಿಗೆ ಗೊತ್ತಾಗುತ್ತದೆ.

ಎರಡನೇ ದಾರಿ ಎರಡನೇ ವರ್ಷದ ಬಿಲ್ಲು. ಮೂರನೆಯದು, ಹೊರಗೆ ಹೋಗೋಕೆ ಕಷ್ಟವಾಗುವ ಹಾಗೆ ಮಾಡಿ ನಿಮ್ಮನ್ನು ಉಳಿಸಿಕೊಳ್ಳುವುದು. ಇವೆರಡನ್ನೂ ನೋಡುವ ಮೊದಲು ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದೆ.

ಖಾತೆ

ಮನೆ ಕೊಳ್ಳುವಾಗ ನಾವು ಗೋಡೆಯ ಬಣ್ಣ ಆಮೇಲೆ ನೋಡುತ್ತೇವೆ, ಮೊದಲು ಖಾತೆ ಯಾರ ಹೆಸರಲ್ಲಿದೆ ಅಂತ ಕೇಳುತ್ತೇವೆ. ಡೊಮೇನಿಗೂ ಖಾತೆ ಇದೆ. ಅದರಲ್ಲಿ ಬರೆದಿರುವ ಹೆಸರಿನವರನ್ನು ರಿಜಿಸ್ಟ್ರೆಂಟ್ ಅನ್ನುತ್ತಾರೆ. ರಿಜಿಸ್ಟ್ರಾರ್ ಬೇರೆ, ರಿಜಿಸ್ಟ್ರೆಂಟ್ ಬೇರೆ. ರಿಜಿಸ್ಟ್ರಾರ್ ನೋಂದಣಿ ಮಾಡಿಕೊಡುವವರು, ರಿಜಿಸ್ಟ್ರೆಂಟ್ ಹಕ್ಕುದಾರರು. ವಿಳಾಸದ ಮೇಲೆ ಹಕ್ಕು ಇರುವುದು ರಿಜಿಸ್ಟ್ರೆಂಟಿಗೆ ಮಾತ್ರ. ವೆಬ್‌ಸೈಟಿನಲ್ಲಿ ನಿಮ್ಮ ಫೋಟೊ ಇರಲಿ, ನಿಮ್ಮ ಅಂಗಡಿಯ ಹೆಸರೇ ಇರಲಿ, ಖಾತೆಯಲ್ಲಿ ಏಜೆನ್ಸಿಯ ಹೆಸರಿದ್ದರೆ ಹಕ್ಕು ಏಜೆನ್ಸಿಯದ್ದು.

ಅತ್ತಿಗೆಗೆ ಆಗಿದ್ದು ಇದೇ. ಕಂಪನಿಯವರು ನೋಂದಣಿಯನ್ನು ತಮ್ಮ ಹೆಸರಲ್ಲಿ, ತಮ್ಮ ಇಮೇಲಿನಲ್ಲಿ ಮಾಡಿದ್ದರು. ಎಷ್ಟೋ ಏಜೆನ್ಸಿಗಳು ಇದನ್ನು ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ. ನೂರು ಗಿರಾಕಿಗಳ ಡೊಮೇನನ್ನು ಒಂದೇ ಅಕೌಂಟಿನಲ್ಲಿ ಇಟ್ಟುಕೊಂಡರೆ ಅವರಿಗೆ ಸುಲಭ. ಎಲ್ಲ ಚೆನ್ನಾಗಿ ನಡೆಯುವವರೆಗೆ ಯಾರಿಗೂ ತೊಂದರೆಯಿಲ್ಲ. ಜಗಳ ಬಂದ ದಿನ, ಇಲ್ಲವೇ ಆ ಏಜೆನ್ಸಿಯೇ ಬಾಗಿಲು ಹಾಕಿದ ದಿನ, ಕೀಲಿಕೈ ಯಾರ ಹತ್ತಿರ ಇದೆ ಅಂತ ಗೊತ್ತಾಗುತ್ತದೆ.

ಖಾತೆ ನಿಮ್ಮ ಹೆಸರಲ್ಲಿದ್ದರೆ ರಿಜಿಸ್ಟ್ರಾರನ್ನು ಬದಲಾಯಿಸುವುದು ಕಷ್ಟವೇ ಅಲ್ಲ. ಮೊಬೈಲ್ ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಾಯಿಸುವಾಗ ಏನು ಮಾಡುತ್ತೇವೆ? 1900ಕ್ಕೆ ಪೋರ್ಟ್ ಅಂತ ಮೆಸೇಜು ಕಳಿಸುತ್ತೇವೆ, ಒಂದು ಕೋಡು ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಡುತ್ತೇವೆ. ಡೊಮೇನಿಗೂ ಅಂಥದೇ ಕೋಡು ಇದೆ. ಅದಕ್ಕೆ ಆಥ್ ಕೋಡ್ ಅಥವಾ ಇಪಿಪಿ ಕೋಡ್ ಅನ್ನುತ್ತಾರೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ನಿಯಮ ಮಾಡುವ ಐಕ್ಯಾನ್ ಸಂಸ್ಥೆಯ ಪ್ರಕಾರ, ಹಕ್ಕುದಾರರು ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ಈ ಕೋಡು ಕೊಡಬೇಕು. ಹೊಸದಾಗಿ ನೋಂದಾಯಿಸಿದ ಮೊದಲ 60 ದಿನ ಮಾತ್ರ ಸಾಮಾನ್ಯವಾಗಿ ವರ್ಗಾವಣೆ ಆಗುವುದಿಲ್ಲ.

ಆದರೆ ಆ ಕೋಡು ಕೇಳುವ ಹಕ್ಕು ಇರುವುದು ಖಾತೆದಾರರಿಗೆ. ಅತ್ತಿಗೆ ಎಷ್ಟು ಫೋನು ಮಾಡಿದರೂ ಅವರು ಬರೀ ಗಿರಾಕಿ.

ವಿಳಾಸ ಹೋದರೆ ಏನೇನು ಹೋಗುತ್ತದೆ ಅಂತ ಸ್ವಲ್ಪ ಯೋಚಿಸಿ. ಕವರಿನ ಮೇಲೆ ಅಚ್ಚಾದದ್ದು, ವಿಸಿಟಿಂಗ್ ಕಾರ್ಡು, ಆಟೊದ ಹಿಂದೆ ಬರೆಸಿದ್ದು, ಹಳೆಯ ಗಿರಾಕಿಗಳು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡ ಲಿಂಕು, ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವಷ್ಟು ಗಳಿಸಿದ್ದ ಜಾಗ. ಆ ವಿಳಾಸದ ಇಮೇಲು ಬಳಸುತ್ತಿದ್ದರೆ ಅದೂ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೊಂದಿದೆ. ನವೀಕರಿಸದೆ ಬಿಟ್ಟ ಹೆಸರನ್ನು ಬೇರೆಯವರು ನೋಂದಾಯಿಸಿಕೊಂಡು ಅಲ್ಲಿ ಜೂಜಿನ ಪುಟ ಹಾಕುವುದು ಇಂಟರ್ನೆಟ್ಟಿನಲ್ಲಿ ಮಾಮೂಲಾಗಿ ನಡೆಯುತ್ತದೆ. ಹಪ್ಪಳದ ಕವರು ನೋಡಿ ವಿಳಾಸ ಟೈಪು ಮಾಡಿದ ಗಿರಾಕಿ ಅಲ್ಲಿಗೆ ಹೋಗುತ್ತಾರೆ. ಅತ್ತಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದದ್ದು ಈ ಭಯಕ್ಕೆ.

ಎರಡನೇ ವರ್ಷದ ಬಿಲ್ಲು

ಮೊದಲ ವರ್ಷ ಫ್ರೀ ಅನ್ನುವ ಪದ್ಧತಿಗೆ ನಮ್ಮ ದೇಶದಲ್ಲೇ ಹಳೆಯ ಉದಾಹರಣೆ ಇದೆ. 2011ರ ನವೆಂಬರಿನಲ್ಲಿ ಗೂಗಲ್, ಹೋಸ್ಟ್‌ಗೇಟರ್ ಕಂಪನಿಯ ಜೊತೆ ಸೇರಿ ಭಾರತದ ಸಣ್ಣ ವ್ಯಾಪಾರಿಗಳಿಗೆ ಒಂದು ವರ್ಷ ಡಾಟ್ ಇನ್ ವಿಳಾಸ ಮತ್ತು ವೆಬ್‌ಸೈಟು ಉಚಿತವಾಗಿ ಕೊಡುವ ಯೋಜನೆ ಶುರು ಮಾಡಿತು. ಮೂರು ವರ್ಷದಲ್ಲಿ ಐದು ಲಕ್ಷ ವ್ಯಾಪಾರಿಗಳನ್ನು ಇಂಟರ್ನೆಟ್ಟಿಗೆ ತರುವ ಗುರಿ ಇತ್ತು. ಒಂದು ವರ್ಷದ ನಂತರ ದುಡ್ಡು ಕಟ್ಟಬೇಕು ಅನ್ನುವುದನ್ನೂ ಮೊದಲೇ ಹೇಳಿದ್ದರು. ಹೀಗೆ ಬಿಚ್ಚಿ ಹೇಳಿದರೆ ಅದರಲ್ಲಿ ತಪ್ಪೇನಿಲ್ಲ. ಗಿರಾಕಿ ಲೆಕ್ಕ ಹಾಕಿಕೊಂಡು ಸೇರುತ್ತಾರೆ.

ಎರಡನೇ ವರ್ಷದ ದರವನ್ನು ಕರೆಯಲ್ಲಿ ಹೇಳದೇ ಇದ್ದಾಗ ತೊಂದರೆ. ಡೊಮೇನು ಮೊದಲ ವರ್ಷ ಫ್ರೀ ಅಥವಾ ₹99, ನವೀಕರಣ ಸಾವಿರದ ಆಸುಪಾಸು ಅನ್ನುವುದು ತೀರಾ ಸಾಮಾನ್ಯ. ಅಷ್ಟಾದರೆ ತಡೆದುಕೊಳ್ಳಬಹುದು. ಅದಕ್ಕೆ ಹೋಸ್ಟಿಂಗ್, ನಿರ್ವಹಣೆ, ಸೆಕ್ಯುರಿಟಿ, ಬ್ಯಾಕಪ್ ಅಂತ ಒಂದೊಂದೇ ಸಾಲು ಸೇರಿದಾಗ ಎಂಟು ಸಾವಿರ ಆಗುತ್ತದೆ.

ತಿಂಗಳಿಗೆ ಇಷ್ಟು ಅನ್ನುವ ದರವನ್ನೂ ಬಿಡಿಸಿ ನೋಡಬೇಕು. ಉದಾಹರಣೆಗೆ ತಿಂಗಳಿಗೆ ₹149, ಡೊಮೇನ್ ಫ್ರೀ ಅಂತ ಇದೆ ಅಂದುಕೊಳ್ಳಿ. ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಮಾತ್ರ ಅಂತ ಇರುತ್ತದೆ. 48 ತಿಂಗಳಿಗೆ ₹7,152, ಜಿಎಸ್‌ಟಿ ಸೇರಿ ಸುಮಾರು ₹8,440 ಇವತ್ತೇ ಕಟ್ಟಬೇಕು. ಒಂದೇ ವರ್ಷಕ್ಕೆ ತಗೊಂಡರೆ ತಿಂಗಳ ದರ ಬೇರೆಯೇ.

ಜಿಎಸ್‌ಟಿ ಬಗ್ಗೆ ಒಂದು ಮಾತು. ದೊಡ್ಡ ಕಂಪನಿಗಳಿಗೆ ಈ 18% ಇನ್‌ಪುಟ್ ಕ್ರೆಡಿಟ್ಟಾಗಿ, ಅಂದರೆ ತಾವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಸರಿಹೋಗುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ, ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಸಣ್ಣವರಿಗೆ ತೆರಿಗೆ ಸೇರಿದ ಮೊತ್ತವೇ ನಿಜವಾದ ಬೆಲೆ. ದರ ಕೇಳುವಾಗ ಜಿಎಸ್‌ಟಿ ಸೇರಿ ಎಷ್ಟು ಅಂತಲೇ ಕೇಳಿ.

ಫ್ರೀ ಟ್ರಯಲ್‌ಗೆ ಕಾರ್ಡು ಅಥವಾ ಯುಪಿಐ ಆಟೊಪೇ ಕೊಟ್ಟಿದ್ದರೆ, ಅವಧಿ ಮುಗಿದ ಮೇಲೆ ಹಣ ತಾನಾಗೇ ಕಡಿತವಾಗುತ್ತದೆ. ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ನಮ್ಮ ಪರವಾಗಿದೆ. ಹೀಗೆ ಮತ್ತೆ ಮತ್ತೆ ಆಗುವ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಮೊತ್ತ ₹15,000 ದಾಟಿದರೆ ಪ್ರತಿ ಸಲ ನಿಮ್ಮ ಒಪ್ಪಿಗೆ ಬೇಕು. ಸಣ್ಣ ವ್ಯಾಪಾರಿಯ ಬಿಲ್ಲು ಆ ಮಿತಿಯ ಒಳಗೇ ಇರುತ್ತದೆ, ಹಾಗಾಗಿ ಆ ಒಂದು ಮೆಸೇಜೇ ನಿಮಗಿರುವ ಎಚ್ಚರಿಕೆ. ಯುಪಿಐ ಆ್ಯಪ್‌ನಲ್ಲಿ ಆಟೊಪೇ ಅನ್ನುವ ಜಾಗಕ್ಕೆ ಹೋದರೆ ಯಾವ್ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರಿ ಅನ್ನೋ ಪಟ್ಟಿ ಕಾಣುತ್ತದೆ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು.

ಮನೆ ಖಾಲಿ ಮಾಡುವಾಗ

ಬಾಡಿಗೆ ಮನೆ ಬಿಡುವಾಗ ನಮ್ಮ ಪಾತ್ರೆ ಪಗಡ ನಾವು ತಗೊಂಡು ಹೋಗುತ್ತೇವೆ. ವೆಬ್‌ಸೈಟಿನಲ್ಲಿ ಅದು ಯಾವಾಗಲೂ ಆಗುವುದಿಲ್ಲ.

ವರ್ಡ್‌ಪ್ರೆಸ್ ಅನ್ನೋದು 2003ರಿಂದ ಇರುವ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಅದರಲ್ಲಿ ಮಾಡಿದ ಬರಹಗಳನ್ನು ಒಂದು ಫೈಲಿನಲ್ಲಿ ಇಳಿಸಿಕೊಂಡು ಬೇರೆ ಹೋಸ್ಟಿಂಗಿಗೆ ಒಯ್ಯಬಹುದು. ವಿಕ್ಸ್‌ನಲ್ಲಿ ಕಟ್ಟಿದ ಸೈಟು ವಿಕ್ಸ್‌ನ ಕಂಪ್ಯೂಟರಿನಲ್ಲೇ ಓಡಬೇಕು, ಇಡೀ ಸೈಟನ್ನು ಎತ್ತಿಕೊಂಡು ಬೇರೆ ಕಡೆ ಇಡೋಕೆ ಆಗುವುದಿಲ್ಲ. ಎಐ ಕಟ್ಟಿಕೊಡುವ ಹೊಸ ಸೈಟುಗಳಲ್ಲೂ ಇದೇ ಪ್ರಶ್ನೆ ಕೇಳಬೇಕು: ಕಟ್ಟಿದ್ದು ಎಐ ಆಗಿರಲಿ, ಅದನ್ನು ಇಳಿಸಿಕೊಂಡು ಹೋಗುವ ಬಟನ್ ಇದೆಯಾ?

ಇಳಿಸಿಕೊಳ್ಳೋಕೆ ಬರದಿದ್ದರೆ ಹೊಸ ಕಡೆ ಎಲ್ಲ ಮೊದಲಿಂದ ಮಾಡಬೇಕು. ಅತ್ತಿಗೆಯ ಸೈಟಿನಲ್ಲಿ 30ಕ್ಕೂ ಹೆಚ್ಚು ಫೋಟೊ ಇದ್ದವು. ಮಿಡಿ ಮಾವಿನ ಫೋಟೊ ಮರದ ಕೆಳಗೇ ತೆಗೆದದ್ದು, ಅದನ್ನು ಮತ್ತೆ ತೆಗೆಯೋಕೆ ಮುಂದಿನ ಸುಗ್ಗಿ ಬರಬೇಕು. ಫೋನಿನಲ್ಲಿ ಮೂಲ ಫೋಟೊ ಉಳಿದಿದ್ದರಿಂದ ಬಚಾವಾದರು. ಗಿರಾಕಿಗಳು ಬರೆದ ಒಳ್ಳೆಯ ಮಾತುಗಳು ಮಾತ್ರ ಹೋದವು.

ಕೊಟ್ಟವರೇ ಬಾಗಿಲು ಹಾಕಿದರೆ

ಇದು ಸಣ್ಣ ಕಂಪನಿಗಳ ಕಥೆ ಅಂದುಕೊಳ್ಳಬೇಡಿ. 2017ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಗೂಗಲ್‌ನ ಸುಂದರ್ ಪಿಚೈ, ಭಾರತದ ಸಣ್ಣ ವ್ಯಾಪಾರಿಗಳಿಗೆ ಮೊಬೈಲಿನಲ್ಲೇ ಮಾಡಿಕೊಳ್ಳಬಹುದಾದ ಉಚಿತ ವೆಬ್‌ಸೈಟಿನ ಘೋಷಣೆ ಮಾಡಿದರು. ಅದೇ ವರ್ಷ ಅದು ಬಂತು. ತುಂಬ ಸುಲಭ ಇತ್ತು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸಿದವರು ನಾಲ್ಕು ಬಟನ್ ಒತ್ತಿದರೆ ಬಿಸಿನೆಸ್ ಡಾಟ್ ಸೈಟ್ ಅಂತ ಕೊನೆಯಾಗುವ ವಿಳಾಸ ಸಿಗುತ್ತಿತ್ತು. ಏಳು ವರ್ಷವಾಯಿತು. 2024ರ ಮಾರ್ಚಿನಲ್ಲಿ ಗೂಗಲ್ ಆ ವೆಬ್‌ಸೈಟುಗಳನ್ನೆಲ್ಲ ನಿಲ್ಲಿಸಿತು. ಆ ವರ್ಷ ಜೂನ್ 10ರವರೆಗೆ ಹಳೆಯ ವಿಳಾಸಕ್ಕೆ ಬಂದವರನ್ನು ಅಂಗಡಿಯ ಗೂಗಲ್ ಪ್ರೊಫೈಲಿಗೆ ಕಳಿಸುತ್ತಿತ್ತು. ಆಮೇಲೆ ಅದೂ ಇಲ್ಲ.

ಇಲ್ಲಿ ಸ್ವಂತ ಡೊಮೇನ್ ಇದ್ದವರಿಗೂ ಇಲ್ಲದವರಿಗೂ ಆದ ವ್ಯತ್ಯಾಸ ನೋಡಿ. ಸ್ವಂತ ಡೊಮೇನನ್ನು ಆ ಪುಟಕ್ಕೆ ಜೋಡಿಸಿದ್ದವರು ಅದೇ ವಿಳಾಸವನ್ನು ಹೊಸ ಸೈಟಿನ ಕಡೆಗೆ ತಿರುಗಿಸಿದರು. ಗಿರಾಕಿಗಳಿಗೆ ಗೊತ್ತೇ ಆಗಲಿಲ್ಲ. ಫ್ರೀ ವಿಳಾಸವನ್ನೇ ಬೋರ್ಡಿನ ಮೇಲೆ ಬರೆಸಿದ್ದವರು ಬೋರ್ಡು ಬದಲಾಯಿಸಬೇಕಾಯಿತು.

ಅದಕ್ಕೂ ಹಿಂದೆ ಜಿಯೊಸಿಟೀಸ್ ಅಂತ ಇತ್ತು. 1994ರಲ್ಲಿ ಶುರುವಾಗಿ, ಲಕ್ಷಾಂತರ ಜನರಿಗೆ ಫ್ರೀ ಪುಟ ಕೊಟ್ಟು, 1999ರಲ್ಲಿ ಯಾಹೂ ಕೈಗೆ ಹೋಗಿ, 2009ರ ಅಕ್ಟೋಬರಿನಲ್ಲಿ ಮುಚ್ಚಿತು.

ವಿಳಾಸವನ್ನೇ ಫ್ರೀ ಕೊಡುತ್ತಿದ್ದ ಕಂಪನಿಯ ಕಥೆ ಇನ್ನೂ ಪಾಠ ಹೇಳುವಂಥದ್ದು. ಫ್ರೀನಾಮ್ ಅನ್ನುವ ಕಂಪನಿ ಡಾಟ್ ಟಿಕೆ, ಡಾಟ್ ಎಂಎಲ್, ಡಾಟ್ ಜಿಎ ಮುಂತಾದ ಹೆಸರುಗಳನ್ನು ಪುಕ್ಕಟೆ ಹಂಚುತ್ತಿತ್ತು. ಡಾಟ್ ಟಿಕೆ ಅಂದರೆ ಪೆಸಿಫಿಕ್ ಸಾಗರದ ಟೊಕೆಲಾವ್ ಅನ್ನುವ ಪುಟ್ಟ ದ್ವೀಪಗಳದ್ದು. ಡಾಟ್ ಎಂಎಲ್ ಆಫ್ರಿಕಾದ ಮಾಲಿಯದ್ದು, ಡಾಟ್ ಜಿಎ ಗ್ಯಾಬನ್ ದೇಶದ್ದು. ಫ್ರೀ ಪಡೆದವರು ಷರತ್ತಿನ ಪ್ರಕಾರ ಬರೀ ಬಳಕೆದಾರರು, ರಿಜಿಸ್ಟ್ರೆಂಟ್ ಅಲ್ಲ. ಮತ್ತೆ ಅದೇ ಖಾತೆಯ ಮಾತು. ಪುಕ್ಕಟೆ ಸಿಗುತ್ತಿದ್ದದ್ದರಿಂದ ವಂಚಕರೂ ಈ ಹೆಸರುಗಳನ್ನು ರಾಶಿ ರಾಶಿ ಬಳಸಿದರು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಅಮೆರಿಕದಲ್ಲಿ ಫ್ರೀನಾಮ್ ಮೇಲೆ ಹಾಕಿದ ಕೇಸು 2023ರಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಗ್ಯಾಬನ್ ತನ್ನ ಡಾಟ್ ಜಿಎಯನ್ನು ವಾಪಸ್ ಪಡೆಯಿತು, ಲಕ್ಷಗಟ್ಟಲೆ ಹೆಸರುಗಳು ಅಳಿಸಿಹೋದವು. 2024ರ ಫೆಬ್ರವರಿಯಲ್ಲಿ ಫ್ರೀನಾಮ್ ಡೊಮೇನ್ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿತು. ಅಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿದ್ದವರಿಗೂ ಉಳಿದವರ ಜೊತೆಗೇ ಪೆಟ್ಟು ಬಿತ್ತು.

ಕಣ್ಣಿಗೆ ಬೀಳದ ಚಿಲ್ಲರೆ ಖರ್ಚು

ಫ್ರೀ ಸೈಟಿನಲ್ಲಿ ಖರೀದಿ ಬಟನ್ ಇಟ್ಟರೆ, ಗಿರಾಕಿಯ ಹಣವನ್ನು ಆನ್‌ಲೈನಿನಲ್ಲಿ ಪಡೆದು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಬೇಕು. ಅಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ಎಂಡಿಆರ್, ಅಂದರೆ ಹಣ ಪಡೆದ ವ್ಯಾಪಾರಿಯಿಂದ ಕಡಿಯುವ ಶುಲ್ಕ, ಇಲ್ಲ. ವೆಬ್‌ಸೈಟಿನ ಗೇಟ್‌ವೇ ತನ್ನ ಸೇವೆಗೆ ಬೇರೆ ಶುಲ್ಕ ಪಡೆಯುತ್ತದೆ, ಸಾಮಾನ್ಯವಾಗಿ ಸುಮಾರು 2%, ಅದರ ಮೇಲೆ ಜಿಎಸ್‌ಟಿ. ₹500ರ ಆರ್ಡರಿಗೆ ₹11.80 ಹೋಗುತ್ತದೆ. ಹಪ್ಪಳದಲ್ಲಿ ಉಳಿಯುವುದೇ ಕಡಿಮೆ, ಅಲ್ಲಿ ಇದು ಸಣ್ಣ ಮೊತ್ತವಲ್ಲ. ಕೆಲವು ಫ್ರೀ ಅಂಗಡಿ ಸೈಟುಗಳು ಇದರ ಮೇಲೆ ತಮ್ಮದೂ ಕಮಿಷನ್ ಹಾಕುತ್ತವೆ.

ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲದ್ದು. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ₹40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಂತ ಕೇಳಿರುತ್ತೀರಿ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಈ ಮಿತಿ ಲೆಕ್ಕಕ್ಕಿಲ್ಲ, ನೋಂದಣಿ ಬೇಕಾಗುತ್ತದೆ. ಕರಕುಶಲ ವಸ್ತುಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ವೆಬ್‌ಸೈಟಿಗೆ ರಾಜ್ಯದ ಗಡಿ ಗೊತ್ತಿಲ್ಲ, ಚೆನ್ನೈನಿಂದಲೂ ಆರ್ಡರು ಬರುತ್ತದೆ. ಬಟನ್ ಇಡುವ ಮೊದಲು ನಿಮ್ಮ ಲೆಕ್ಕಪತ್ರ ನೋಡುವವರನ್ನು ಒಂದು ಮಾತು ಕೇಳಿ.

ಸಮಯಕ್ಕೂ ಬೆಲೆ ಇದೆ. ನೀವೇ ಮಾಡಿಕೊಳ್ಳಿ ಅನ್ನುವ ಫ್ರೀ ಸೈಟಿನಲ್ಲಿ ಫೋಟೊ ಹಾಕಿ, ಬೆಲೆ ತಿದ್ದಿ, ಬಟನ್ ಸರಿ ಮಾಡುತ್ತಾ ಕೂತರೆ ವಾರವೇ ಹೋಗುತ್ತದೆ. ಆ ವಾರ ಅಂಗಡಿಯಲ್ಲಿ ಯಾರಿರುತ್ತಾರೆ?

ನಿಜವಾಗಿ ಫ್ರೀ ಇರುವುದೂ ಇದೆ

ಎಲ್ಲದಕ್ಕೂ ದುಡ್ಡು ಕೊಡಬೇಕು ಅಂತ ಹೆದರಬೇಕಾಗಿಲ್ಲ. ಕೆಲವು ನಿಜಕ್ಕೂ ಪುಕ್ಕಟೆ. ಅಂಥವಕ್ಕೂ ಕೆಲವರು ಬಿಲ್ಲು ಹಾಕುತ್ತಾರೆ, ಅದು ಗೊತ್ತಿರಬೇಕು.

ಎಸ್‌ಎಸ್‌ಎಲ್ ಪ್ರಮಾಣಪತ್ರ ಅಂಥದ್ದು. ವಿಳಾಸದ ಪಕ್ಕದಲ್ಲಿ ಸೈಟಿನ ಜೊತೆಗಿನ ಸಂಪರ್ಕ ಸುರಕ್ಷಿತ ಅಂತ ತೋರಿಸೋದು ಇದೇ. 2018ರ ಜುಲೈನಿಂದ ಕ್ರೋಮ್ ಬ್ರೌಸರು ಇದಿಲ್ಲದ ಸೈಟುಗಳನ್ನು ಸುರಕ್ಷಿತವಲ್ಲ ಅಂತ ತೋರಿಸುತ್ತದೆ. ಇದನ್ನು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಲಾಭರಹಿತ ಸೇವೆ 2015ರ ಕೊನೆಯಿಂದ ಜಗತ್ತಿಗೆಲ್ಲ ಉಚಿತವಾಗಿ ಕೊಡುತ್ತಿದೆ. ಬಹಳಷ್ಟು ಹೋಸ್ಟಿಂಗಿನಲ್ಲಿ ಅದು ಸೇರಿಯೇ ಬರುತ್ತದೆ. ಎಸ್‌ಎಸ್‌ಎಲ್‌ಗೆ ₹2,000 ಅಂತ ಸಾಲು ಕಂಡರೆ, ಉಚಿತದ್ದು ಯಾಕೆ ಆಗಲ್ಲ ಅಂತ ಕೇಳಿ. ಹಪ್ಪಳ ಮಾರುವ ಸೈಟಿಗೆ ಅದು ಧಾರಾಳವಾಗಿ ಸಾಕು.

ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವ ಬಿಸಿನೆಸ್ ಪ್ರೊಫೈಲ್ ಕೂಡ ಉಚಿತ. ಅಂಗಡಿ ನಿಮ್ಮದೇ ಅಂತ ಖಚಿತಪಡಿಸುವುದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ. ಪ್ರೊಫೈಲು ಎಕ್ಸ್‌ಪೈರಿ ಆಗ್ತಿದೆ, ಹಣ ಕಟ್ಟಿ ಅಂತ ಕರೆ ಬಂದರೆ ಇಟ್ಟುಬಿಡಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೂ ಸರ್ಕಾರದ ಜಾಲತಾಣದಲ್ಲಿ ಶುಲ್ಕ ಇಲ್ಲ. ಈ ಹೆಸರಲ್ಲಿ ದುಡ್ಡು ಕೀಳುವವರೂ ಇದ್ದಾರೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಹಣ ಹೋದ ಮೇಲೆ ಗೊತ್ತಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫ್ರೀ ಪುಟ ಮಾಡಿಕೊಳ್ಳೋಕೆ ಬಿಡುವ ಬ್ಲಾಗರ್ ಅನ್ನುವ ಸೇವೆ 1999ರಿಂದ ಇದೆ, 2003ರಿಂದ ಗೂಗಲ್ ಕೈಯಲ್ಲಿದೆ. ಅದರಲ್ಲಿ ಈಗಲೂ ಫ್ರೀ ಪುಟಕ್ಕೆ ಸ್ವಂತ ಡೊಮೇನ್ ಜೋಡಿಸಬಹುದು. ನೋಡೋಕೆ ಸ್ವಲ್ಪ ಹಳೆಯದು. ಆದರೆ ಬೆಲೆಪಟ್ಟಿ, ಫೋಟೊ, ಫೋನ್ ನಂಬರು ಇಷ್ಟೇ ಬೇಕಾದವರಿಗೆ ಕೆಲಸ ನಡೆಯುತ್ತದೆ. ಡೊಮೇನಿಗೆ ಮಾತ್ರ ದುಡ್ಡು ಕೊಟ್ಟು ಉಳಿದದ್ದನ್ನು ಫ್ರೀ ತಗೊಳ್ಳುವುದು ಸಣ್ಣ ವ್ಯಾಪಾರಿಗೆ ಒಳ್ಳೆಯ ದಾರಿ ಅಂತ ನನಗೆ ಅನ್ನಿಸುತ್ತದೆ. ಕಟ್ಟಡ ಬಿದ್ದರೆ ಇನ್ನೊಂದು ಕಟ್ಟಬಹುದು, ಖಾತೆ ಕೈಯಲ್ಲಿರುತ್ತದೆ.

ಕರೆ ಬಂದಾಗ, ಅಥವಾ ಈಗಾಗಲೇ ತಗೊಂಡಿದ್ದರೆ

ಕರೆ ಮಾಡಿದವರನ್ನು ಮೊದಲು ಇದನ್ನು ಕೇಳಿ: ಡೊಮೇನ್ ನನ್ನ ಹೆಸರಲ್ಲಿ, ನನ್ನ ಇಮೇಲಿನಲ್ಲಿ ನೋಂದಣಿ ಆಗುತ್ತದಾ? ಎರಡನೇ ವರ್ಷ, ಮೂರನೇ ವರ್ಷ ಜಿಎಸ್‌ಟಿ ಸೇರಿ ಎಷ್ಟು? ಬಿಟ್ಟು ಹೋಗುವಾಗ ಸೈಟಿನ ಫೈಲು, ಆಥ್ ಕೋಡು ಕೊಡುತ್ತೀರಾ, ಅದಕ್ಕೆ ಶುಲ್ಕ ಇದೆಯಾ? ಉತ್ತರವನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ ಅನ್ನಿ. ನೇರವಾಗಿ ವ್ಯವಹಾರ ಮಾಡುವವರು ಕಳಿಸುತ್ತಾರೆ.

ಈಗಾಗಲೇ ಸೈಟು ಇದ್ದರೆ ಇವತ್ತೇ ಒಂದು ಸಲ ನೋಡಿ. ಡಾಟ್ ಕಾಮ್ ಆಗಿದ್ದರೆ ಐಕ್ಯಾನ್ ಲುಕಪ್ ಅಂತ ಹುಡುಕಿದರೆ ಒಂದು ಪುಟ ಬರುತ್ತದೆ. ಅಲ್ಲಿ ನಿಮ್ಮ ವಿಳಾಸ ಹಾಕಿ. ಡಾಟ್ ಇನ್‌ಗೆ ನಿಕ್ಸಿಯ ರಿಜಿಸ್ಟ್ರಿ ಪುಟದಲ್ಲಿ ಇಂಥದೇ ಸೌಲಭ್ಯ ಇದೆ. ಯಾವ ರಿಜಿಸ್ಟ್ರಾರ್, ಯಾವತ್ತು ನೋಂದಣಿ ಆಯಿತು, ಯಾವತ್ತು ಮುಗಿಯುತ್ತದೆ ಅಂತ ಕಾಣುತ್ತದೆ. ಖಾಸಗಿತನದ ಕಾರಣಕ್ಕೆ ಖಾತೆದಾರರ ಹೆಸರು ಹೆಚ್ಚಾಗಿ ಮುಚ್ಚಿರುತ್ತದೆ. ಆದರೂ ಒಂದು ಸುಲಭ ಪರೀಕ್ಷೆ ಇದೆ. ಆ ರಿಜಿಸ್ಟ್ರಾರಿನ ಜಾಲತಾಣಕ್ಕೆ ನಿಮ್ಮ ಇಮೇಲಿನಿಂದ ಲಾಗಿನ್ ಆಗಿ ಡೊಮೇನ್ ನೋಡೋಕೆ ಆಗುತ್ತದಾ? ಆಗದಿದ್ದರೆ ಕೀಲಿಕೈ ಬೇರೆಯವರ ಹತ್ತಿರ ಇದೆ.

ಹಾಗಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಕೇಳಿ. ಅವಧಿ ಮುಗಿಯುವುದಕ್ಕೆ ಎರಡು ಮೂರು ತಿಂಗಳು ಮೊದಲೇ, ಹೆಸರು ನನ್ನ ಅಕೌಂಟಿಗೆ ವರ್ಗಾಯಿಸಿ ಅನ್ನಿ. ಅಷ್ಟರೊಳಗೆ ಫೋಟೊ, ಬರಹ, ಗಿರಾಕಿಗಳ ಪಟ್ಟಿ ನಿಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಿ. ಖಾತೆ ನಿಮ್ಮದೇ ಆಗಿದ್ದು ನವೀಕರಣ ಮರೆತಿದ್ದರೂ ತಕ್ಷಣ ಎಲ್ಲ ಮುಗಿಯುವುದಿಲ್ಲ. ಡಾಟ್ ಕಾಮ್‌ನಲ್ಲಿ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಆಗ ಶುಲ್ಕ ಮಾತ್ರ ಜಾಸ್ತಿ. ಅದೂ ಕಳೆದು ಇನ್ನೈದು ದಿನಕ್ಕೆ ಆ ಹೆಸರು ಯಾರು ಬೇಕಾದರೂ ತಗೊಳ್ಳಬಹುದು.

ಅತ್ತಿಗೆ ಈಗ ಹೊಸ ಡಾಟ್ ಇನ್ ವಿಳಾಸ ಮಾಡಿಸಿದ್ದಾರೆ. ಅವರ ಹೆಸರಲ್ಲಿ, ಅವರ ಇಮೇಲಿನಲ್ಲಿ, ಮೂರು ವರ್ಷಕ್ಕೆ. ಪುಟ ಸರಳವಾಗಿದೆ, ಕೆಳಗೆ ವಾಟ್ಸಾಪ್ ನಂಬರು ಇದೆ. ನವೀಕರಣದ ತಾರೀಕನ್ನು ಅಡುಗೆಮನೆಯ ಗೋಡೆಗೆ, ಗ್ಯಾಸ್ ಬುಕ್ಕಿನ ಪಕ್ಕ ಬರೆದು ಅಂಟಿಸಿದ್ದಾರೆ. ಹಳೆಯ ವಿಳಾಸ ಒತ್ತಿದರೆ ಈ ಹೆಸರು ಮಾರಾಟಕ್ಕಿದೆ ಅನ್ನುವ ಪುಟ ಬರುತ್ತದೆ, ಬೆಲೆ ಡಾಲರಿನಲ್ಲಿದೆ. ಕವರುಗಳು ಇನ್ನೂ ಆರುನೂರು ಉಳಿದಿವೆ. ಸಂಜೆ ಹಪ್ಪಳ ಒಣಗಿಸಿ ಒಳಗೆ ತಂದ ಮೇಲೆ ದಿನಕ್ಕೆ ಐವತ್ತರಂತೆ ಸ್ಟಿಕ್ಕರ್ ಅಂಟಿಸುತ್ತಿದ್ದಾರೆ.